ಹಾರುವುದಕ್ಕೆ ಫಿರಂಗಿ ತಾಗುತ್ತದಾ? ಯಾರಾದರೂ ಹೇಳಿ

ಭಾವ ಹಿರಿಯರು, ಅವರ ಮೇಲೆ ನನಗೆ ಕೋಪ ಏನೂ ಇಲ್ಲ. ಆದರೆ ಫೋನಿನ ಆಟದಲ್ಲಿ ನಾನು ಕಟ್ಟಿದ್ದ ಆ ಸೈನಿಕರ ಬಿಡಾರ ಮಾರುವ ಅಗತ್ಯ ಎಂತ ಇತ್ತು ಮಾರಾಯ್ರೆ? ಎಂತ ಇತ್ತು?

ಕಾಸರಗೋಡಿನ ಪೆರ್ಲದ ಜೆಂಬರದಿಂದ, ಅಂದರೆ ಸಮಾರಂಭದಿಂದ, ಈಗಷ್ಟೇ ಬಂದದ್ದು. ಪಂಚೆ ಕೂಡ ಬದಲಿಸಿಲ್ಲ, ಕೂತು ಇದನ್ನು ಒತ್ತುತ್ತಿದ್ದೇನೆ. ಕಿಂಗ್‌ಡಮ್ ರಶ್ ಆಡಿದವರಿಗೆ ಮಾತ್ರ ನನ್ನ ಸಂಕಟ ಗೊತ್ತಾದೀತು. ಆಡದವರು ಪುಣ್ಯವಂತರು, ಮುಂದೆ ಹೋಗಿ. ದಾರಿಯಲ್ಲಿ ಬರುವ ವೈರಿಗಳನ್ನು ಗೋಪುರ ಕಟ್ಟಿ ತಡೆಯುವುದು, ದಾಟಿ ಹೋದರೆ ನಮ್ಮ ಜೀವ ಕಡಿಮೆ. 2011ರ ಆಟ, ಉರುಗ್ವೆಯವರು ಮಾಡಿದ್ದು. ಬ್ರೌಸರಿನಲ್ಲಿ ಫ್ಲ್ಯಾಶ್ ಇದ್ದ ಕಾಲದಿಂದ ಆಡುತ್ತಿದ್ದೇನೆ ನಾನು. ಭಾವ ಆಡುವುದಿಲ್ಲ. ವಿಡಿಯೋ ನೋಡುತ್ತಾರೆ.

ಊಟದ ಎರಡನೇ ಹಂತಿಗೆ (ಪಂಕ್ತಿಗೆ) ಎಲೆ ಹಾಕಲು ಹೊತ್ತಿತ್ತು. ಜಗಲಿಯಲ್ಲಿ ನಾನು, ಸುತ್ತ ಒಂದು ಹಿಂಡು ಮಕ್ಕಳು. 20 ಜೀವದಲ್ಲಿ ಒಂದೂ ಹೋಗಿರಲಿಲ್ಲ. 18 ಉಳಿದರೂ ಮೂರು ನಕ್ಷತ್ರ ಸಿಗುತ್ತದೆ, ಅಂದರೆ ನಾನು ಆರಾಮ. ದಾರಿ ಕೂಡುವಲ್ಲಿ ಸೈನಿಕರು, ಅವರ ಹಿಂದೆ ಫಿರಂಗಿ, ಕಬ್ಬಿಣ ತೊಟ್ಟು ಬರುವ ಡಾರ್ಕ್ ನೈಟ್‌ಗಳಿಗೆ ಮಂತ್ರವಾದಿ, ಯಾಕೆಂದರೆ ಮಂತ್ರಕ್ಕೆ ಕವಚದ ಲೆಕ್ಕ ಇಲ್ಲ. ಮಕ್ಕಳಿಗೆ ಅದನ್ನೇ ಹೇಳಿಕೊಡುತ್ತಿದ್ದೆ. ಬಾಯಿ ಬಿಟ್ಟು ಕೇಳುತ್ತಿದ್ದವು. ಮನೆಯಲ್ಲಿ ನನ್ನ ಮಾತನ್ನು ಅಷ್ಟು ಶ್ರದ್ಧೆಯಿಂದ ಯಾರು ಕೇಳುತ್ತಾರೆ ಹೇಳಿ?

ಆಗ ಹಿಂದಿನಿಂದ ಭಾವನ ಕೈ ಬಂತು. ಅವರು ನನ್ನನ್ನು ಕರೆಯುವುದೂ ಭಾವ ಎಂದೇ. "ಹಾಂಗಲ್ಲ ಭಾವಾ, ಇತ್ಲಾಗಿ ಕೊಡು, ಆನು ತೋರ್ಸುತ್ತೆ."

ನಾನು ಕೊಡಲಿಲ್ಲ. ಅವರು ತೆಗೆದುಕೊಂಡರು. ಎಲೆಗೆ ಸುಣ್ಣ ಹಚ್ಚಿದ ಹೆಬ್ಬೆರಳು, ಆ ಬಿಳಿ ಸೀದಾ ನನ್ನ ಪರದೆಗೆ ಮೆತ್ತಿತು. ಮೂರನೇ ಹಂತಕ್ಕೆ ಏರಿಸಿದ್ದ ಬಿಡಾರದ ಮೇಲೆ ಒತ್ತಿದರು, ಮಾರಿದರು. ಪಕ್ಕದ ಬಿಲ್ಲುಗಾರರನ್ನೂ ಮಾರಿದರು. ಮಾರಿದರೆ ಹಾಕಿದ ದುಡ್ಡು ಪೂರ್ತಿ ಬರುವುದಿಲ್ಲ ಎಂದು ನಾನು ಹೇಳುತ್ತಲೇ ಇದ್ದೆ. "ಫಿರಂಗಿಯೇ ಫಿರಂಗಿ ಹಾಕೆಕ್ಕು ಭಾವಾ!" ಎಂದರು. 125 ಚಿನ್ನ ಒಂದೊಂದಕ್ಕೆ. ಹಾಕಿದರು.

ಸೈನಿಕರಿಲ್ಲದೆ ಫಿರಂಗಿ ಯಾವ ಕರ್ಮಕ್ಕೆ? ಬೇಸಿಗೆಯಲ್ಲಿ ತೋಡಿಗೆ ಕಟ್ಟ ಹಾಕಿದ ಹಾಗೆ ಸೈನಿಕರು ವೈರಿಗಳನ್ನು ತಡೆದು ಒಂದೆಡೆ ನಿಲ್ಲಿಸಬೇಕು, ಗುಂಡು ಬಿದ್ದರೆ ಆಗ ಹತ್ತಕ್ಕೂ ತಾಗುತ್ತದೆ. ನಡೆಯುತ್ತಾ ಇದ್ದರೆ ಗುಂಡು ನೆಲಕ್ಕೆ ಬೀಳುವಷ್ಟರಲ್ಲಿ ಅವು ದಾಟಿ ಹೋಗಿರುತ್ತವೆ. ಹೋಗಲಿ, ಅದನ್ನೂ ಬಿಡುತ್ತೇನೆ. ವೈರಿಗಳ ಮುಂದಿನ ಅಲೆ ಗಾರ್ಗಾಯ್ಲ್. ರೆಕ್ಕೆ ಉಂಟು ಸ್ವಾಮಿ, ರೆಕ್ಕೆ! ಹಾರುವುದಕ್ಕೆ ಸಾದಾ ಫಿರಂಗಿ ಗುಂಡೇ ಹಾರಿಸುವುದಿಲ್ಲ. ಕೊನೆಯ ಹಂತದ ಬಿಗ್ ಬರ್ತಾ ಎಂಬ ಫಿರಂಗಿಗೆ ದುಡ್ಡು ಸುರಿದು ಕ್ಷಿಪಣಿ ಹಾಕಿಸಿದರೆ ಬೇರೆ ಮಾತು. ಭಾವ ಯಾವುದೋ ವಿಡಿಯೋದಲ್ಲಿ ಆ ಕ್ಷಿಪಣಿ ನೋಡಿ ಬಂದಿರಬೇಕು.

ಗಾರ್ಗಾಯ್ಲ್‌ಗಳು ಫಿರಂಗಿಗಳ ತಲೆ ಮೇಲಿಂದ ಸಾಲಾಗಿ ಹೋದವು. ಕೆಳಗೆ ತಡೆಯುವವರಿಲ್ಲದೆ ಉಳಿದವು ನಡೆದುಕೊಂಡೇ ಹೋದವು. 20 ಇದ್ದದ್ದು 11, 6, 2. ಸರಿಯಾಗಿ 2 ಆದಾಗ, ಕೇಳಿ, ಇದೇ ನನಗೆ ಅರಗದ್ದು, ಸರಿಯಾಗಿ ಆಗ "ತೆಕ್ಕೊ ಭಾವಾ" ಎಂದು ಫೋನು ನನ್ನ ಕೈಯಲ್ಲಿಟ್ಟರು. ನಾನು ಹಿಡಿದದ್ದೂ ಸೋಲಿನ ಪರದೆ ಬಂದದ್ದೂ ಒಟ್ಟಿಗೆ. ಬಿಲ್ಲುಗಾರರಿಗೆ 70 ಚಿನ್ನ ಸಾಕು, ಆದರೆ ಒತ್ತಲಿಕ್ಕೆ ಪುರುಸೊತ್ತು ಬೇಡವೇ?

ಪಕ್ಕದ ಮನೆಯ ಹುಡುಗ ಮಲಯಾಳದಲ್ಲಿ "ತೋಟ್ಟು! ಮಾಮನ್ ತೋಟ್ಟು!" (ಮಾಮ ಸೋತ) ಎಂದು ಕುಣಿದ. ಉಳಿದವೂ ಕುಣಿದವು. ಅಡುಗೆ ಕೊಟ್ಟಗೆಯಿಂದ ಅತ್ತಿಗೆ ಇಣುಕಿ "ಎಂತಾತು?" ಎಂದರೆ ಭಾವ ಏನು ಹೇಳಿದ್ದು ಗೊತ್ತಾ? "ಎಂತ ಇಲ್ಲೆ, ಭಾವ ಸೋತ."

ಭಾವ ಸೋತ!

ಊಟಕ್ಕೆ ಕೂತದ್ದೂ ನನ್ನ ಪಕ್ಕದಲ್ಲೇ. ಹೋಳಿಗೆಗೆ ಕಾಯಿಹಾಲು ಹಾಕಿಸಿಕೊಳ್ಳುತ್ತಾ ಇಡೀ ಹಂತಿಗೆ ಉಪನ್ಯಾಸ, ಗೋಪುರ ಎಲ್ಲಿ ಕಟ್ಟಬೇಕು, ಅಲೆಯನ್ನು ಮೊದಲೇ ಕರೆದರೆ ಹೆಚ್ಚು ಚಿನ್ನ ಹೇಗೆ ಸಿಗುತ್ತದೆ ಅಂತ. ಅದೊಂದು ಸರಿಯೇ ಹೇಳಿದರು, ಅದೇ ಇನ್ನೂ ಉರಿ. ಬಡಿಸುವವರು ಹೋಳಿಗೆ ಹಿಡಿದು ನಿಂತು ಕೇಳುತ್ತಿದ್ದರು. ನನ್ನ ಎಲೆಗೆ ಎರಡನೇ ಸಲ ಬರಲೇ ಇಲ್ಲ.

ಆಯ್ತು, ಬಿಡಿ. ತಲೆ ನರೆತ ಮನುಷ್ಯ, ಬ್ಯಾಂಕಿನ ಕಂತು ಬಾಕಿ, ಅಡಿಕೆಗೆ ಮದ್ದು ಬಿಡುವವರು ಸಿಕ್ಕಿಲ್ಲ, ಇಲ್ಲಿ ಬೆರಳುಗುರಿನಷ್ಟು ಸೈನಿಕರಿಗಾಗಿ ಬಿಪಿ ಏರಿಸಿಕೊಳ್ಳುತ್ತಿದ್ದಾನೆ. ನನಗೇ ನಗು ಬರುತ್ತದೆ. ಆಟ ಅಷ್ಟೆ, ನಾಳೆ ಪುನಃ ಆಡಿದರಾಯ್ತು.

ಆದರೆ ಮಾರಿದ್ದು ಯಾರು? ನಾನಾ? ಆ ಮಕ್ಕಳಲ್ಲಿ ಒಬ್ಬನಾದರೂ ನಿಜ ಹೇಳಬಹುದಿತ್ತಲ್ಲ?

ಇದನ್ನು ಬರೆಯುವಾಗಲೇ ಭಾವನ ವಾಟ್ಸಾಪ್ ಬಂತು. ಒಂದು ವಿಡಿಯೋ, 'ಹೊಸಬರಿಗೆ ಟಿಪ್ಸ್'. ಅದರ ಕೆಳಗೆ "ನೋಡು ಭಾವಾ, ಉಪಕಾರ ಅಕ್ಕು." ನೀಲಿ ಗೆರೆ ಬಿದ್ದಾಗಿದೆ. ಎಂತ ಉತ್ತರ ಕೊಡಲಿ, ಯಾರಾದರೂ ಬೇಗ ಹೇಳಿ, ಈಗ "ನೋಡಿದೆಯಾ?" ಎಂತಲೂ ಬಂತು.