ಕಾಪ್ರಿ, ಅಮಾಲ್ಫಿಗೆ ಹೋದರೆ ಮೆಟ್ಟಿಲು ಹಿಡಿಯಿರಿ

ಕಾಪ್ರಿ ದ್ವೀಪಕ್ಕೂ ಅಮಾಲ್ಫಿ ಕರಾವಳಿಗೂ ಮನೆಮಂದಿಯೆಲ್ಲ ಹೋಗಿ ಬಂದೆವು ಅಂದಾಗಿನಿಂದ ಎಲ್ಲರದ್ದೂ ಒಂದೇ ಪ್ರಶ್ನೆ. "ಮಕ್ಕಳು, ವಯಸ್ಸಾದವರನ್ನು ಕರ್ಕೊಂಡು ಅಲ್ಲಿ ಬೆಟ್ಟ ಹತ್ತೋದು ಯಾಕೆ? ದೋಣಿಯಲ್ಲಿ ಒಂದು ಸುತ್ತು ಹಾಕಿ, ಫೋಟೋ ತೆಗೆಸಿಕೊಂಡು ಬಂದರೆ ಸಾಲದಾ?" ಸಾಲದು. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ, ಅದಕ್ಕೇ ಉದ್ದವಾಗಿ ಬರೀತಿದ್ದೇನೆ.

ಇಟಲಿಯ ಆ ತೀರಕ್ಕೆ ಗಾಡಿ ಓಡುವ ರಸ್ತೆ ಬಂದದ್ದು 19ನೇ ಶತಮಾನದಲ್ಲಿ. ಅದಕ್ಕೂ ಮೊದಲು ಊರಿಂದ ಊರಿಗೆ ಹೋಗಬೇಕಾದರೆ ಒಂದೋ ಸಮುದ್ರ, ಇಲ್ಲವೇ ಕಾಲುದಾರಿ. ಬೆಟ್ಟ ಅಷ್ಟು ಕಡಿದಾಗಿರುವುದರಿಂದ ಕಾಲುದಾರಿ ಅಂದರೆ ಹೆಚ್ಚಿನ ಕಡೆ ಮೆಟ್ಟಿಲೇ. ಮನೆಬಾಗಿಲು, ಚರ್ಚು, ತೋಟದ ಗೇಟು ಎಲ್ಲ ಮೆಟ್ಟಿಲಿನ ಕಡೆಗೇ ತೆರೆಯುತ್ತವೆ. ಬಸ್ಸಿನ ಕಿಟಕಿಯಿಂದ ಕಾಣುವುದು ಊರಿನ ಹೊರಮೈ. ದೋಣಿಯಿಂದ ಕಾಣುವುದು ಇನ್ನೂ ದೂರದ ಬಣ್ಣ. ಊರಿನ ಒಳಗೆ ಹೋಗಬೇಕಾದರೆ ನಡೆಯಲೇಬೇಕು.

ಮೊದಲು ಕಾಪ್ರಿ. ದ್ವೀಪ ಚಿಕ್ಕದು, ಸುಮಾರು 10 ಚದರ ಕಿಲೋಮೀಟರ್. ಹೆಚ್ಚಿನವರು ಬೆಳಿಗ್ಗೆ ನೇಪಲ್ಸ್ ಅಥವಾ ಸೊರೆಂಟೊದಿಂದ ಫೆರಿಯಲ್ಲಿ ಬಂದು ಸಂಜೆ ವಾಪಸ್ ಹೋಗುತ್ತಾರೆ. ಎಲ್ಲರೂ ಒಂದೇ ಹೊತ್ತಿಗೆ ಇಳಿದು, ಒಂದೇ ಚೌಕಕ್ಕೆ ಹೋಗಿ, ಒಂದೇ ಸಾಲಿನಲ್ಲಿ ನಿಂತು ಸುಸ್ತಾಗುತ್ತಾರೆ. ದ್ವೀಪ ಅಂದರೆ ಬರೀ ಗಲಾಟೆ ಅಂದುಕೊಂಡು ಮರಳುತ್ತಾರೆ. ನಾವು ಅಲ್ಲೇ ಉಳಿದುಕೊಂಡೆವು, ಅದೂ ದ್ವೀಪದ ಮೇಲಿನ ಊರು ಅನಾಕಾಪ್ರಿಯಲ್ಲಿ. ಸಂಜೆಯ ಫೆರಿಗಳು ಹೊರಟ ಮೇಲೆ ಗಲ್ಲಿಗಳಲ್ಲಿ ಅಲ್ಲಿನವರೇ ಓಡಾಡುತ್ತಿರುತ್ತಾರೆ. ಖರ್ಚು ಜಾಸ್ತಿ, ಒಪ್ಪುತ್ತೇನೆ. ಬೇರೆಲ್ಲಾದರೂ ಒಂದು ರಾತ್ರಿ ಕಡಿಮೆ ಮಾಡಿಯಾದರೂ ಇಲ್ಲಿ ಉಳಿಯಿರಿ ಅನ್ನುತ್ತೇನೆ.

ಬಂದರಿನಿಂದ ಅನಾಕಾಪ್ರಿಗೆ 'ಫಿನಿಷಿಯನ್ ಮೆಟ್ಟಿಲು' ಅಂತ ಒಂದು ಹಳೇ ದಾರಿ ಇದೆ. 921 ಮೆಟ್ಟಿಲು. ಹೆಸರು ಫಿನಿಷಿಯನ್ನರದ್ದು, ಕಟ್ಟಿದವರು ಗ್ರೀಕರು. 1870ರ ದಶಕದಲ್ಲಿ ರಸ್ತೆ ಆಗುವವರೆಗೂ ಬಂದರಿಗೂ ಅನಾಕಾಪ್ರಿಗೂ ಇದೊಂದೇ ಸಂಪರ್ಕ. ಮನೆಗೆ ಬೇಕಾದ ಸಾಮಾನೆಲ್ಲ ತಲೆಹೊರೆಯಲ್ಲೇ ಮೇಲೆ ಬರಬೇಕಿತ್ತು. ಹೊತ್ತವರಲ್ಲಿ ಹೆಂಗಸರೇ ಹೆಚ್ಚು. ನನ್ನ ಮಗಳು ಅರ್ಧ ದಾರಿಯಲ್ಲಿ ಬೆನ್ನಿನ ಚೀಲ ಇಳಿಸಿ ಕೂತಳು. ಆಗ ಈ ಮಾತು ಹೇಳಿದೆ. ಅವಳು ಏನೂ ಅನ್ನಲಿಲ್ಲ. ಕೆಳಗಿನ ಬಂದರು ನೋಡಿದಳು, ಮೇಲೆ ಉಳಿದ ಮೆಟ್ಟಿಲು ನೋಡಿದಳು, ಚೀಲ ಮತ್ತೆ ಹೆಗಲಿಗೇರಿಸಿದಳು. ಇತಿಹಾಸದ ಪಾಠ ಅಷ್ಟು ಬೇಗ ತಲೆಗೆ ಇಳಿದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ವಿಲ್ಲಾ ಜೋವಿಸ್ ಅನ್ನುವ ಪಾಳು ಅರಮನೆ ಕೂಡ ಹಾಗೆಯೇ. ರೋಮನ್ ಚಕ್ರವರ್ತಿ ಟೈಬೀರಿಯಸ್ ಕ್ರಿ.ಶ. 27ರಿಂದ 37ರವರೆಗೆ, ಸಾಯುವ ತನಕ, ಸಾಮ್ರಾಜ್ಯ ಆಳಿದ್ದು ಹೆಚ್ಚಾಗಿ ಈ ದ್ವೀಪದಿಂದಲೇ. ಅವನ ಅರಮನೆ ಪೂರ್ವದ ತುದಿಯಲ್ಲಿ, ಸಮುದ್ರಕ್ಕಿಂತ 300 ಮೀಟರಿಗೂ ಎತ್ತರದಲ್ಲಿದೆ. ಕಾಪ್ರಿ ಪಟ್ಟಣದಿಂದ ಮುಕ್ಕಾಲು ಗಂಟೆ ಏರು. ಅಲ್ಲಿ ಹೋದವರು ನೇರ ಬಂಡೆಯ ಅಂಚಿಗೆ ಹೋಗಿ ಕೆಳಗೆ ಇಣುಕುತ್ತಾರೆ. ನೀವು ಅರಮನೆಯ ನಡುವೆ ಇರುವ ನೀರಿನ ತೊಟ್ಟಿಗಳನ್ನು ನೋಡಿ. ಆ ತುದಿಯಲ್ಲಿ ನೀರಿನ ಒರತೆ ಇಲ್ಲ. ಇಡೀ ಅರಮನೆ ಮಳೆನೀರನ್ನೇ ನಂಬಿತ್ತು. ಅಡುಗೆ, ಸ್ನಾನದ ಮನೆ ಎಲ್ಲಕ್ಕೂ ಅದೇ. ಬಿಸಿಲಲ್ಲಿ ಹತ್ತಿ, ಬಾಟಲಿಯ ನೀರು ಖಾಲಿಯಾದ ಹೊತ್ತಿಗೆ ಆ ದೊಡ್ಡ ತೊಟ್ಟಿಗಳ ಮುಂದೆ ನಿಂತರೆ ಅದರ ಬೆಲೆ ಗೊತ್ತಾಗುತ್ತದೆ.

ನಮ್ಮ ಅಮ್ಮನಿಗೆ ಮಂಡಿ ನೋವು. ಅವರನ್ನು ಬಿಟ್ಟು ಹೋಗುವ ಮಾತೇ ಇರಲಿಲ್ಲ. ದ್ವೀಪದ ಅತಿ ಎತ್ತರದ ಜಾಗ ಮೋಂತೆ ಸೊಲಾರೊ, 589 ಮೀಟರ್. ಅನಾಕಾಪ್ರಿಯಿಂದ ಅಲ್ಲಿಗೆ ಚೇರ್‌ಲಿಫ್ಟ್ ಇದೆ. ಒಂದು ಕುರ್ಚಿಗೆ ಒಬ್ಬರೇ. ಸುಮಾರು 13 ನಿಮಿಷ ಯಾರದೋ ಹಿತ್ತಲು, ಹೂವಿನ ಕುಂಡ, ಕೋಳಿಗೂಡುಗಳ ಮೇಲೆ ತೇಲಿಕೊಂಡು ಹೋಗುತ್ತೀರಿ. ಅಮ್ಮ ಒಬ್ಬರೇ ಕೂತು, ಕೈಚೀಲ ಎದೆಗವಚಿಕೊಂಡು, ಹಿಂತಿರುಗಿ ನೋಡದೆ ಹೋದರು. ಮೇಲೆ ಇಳಿದಾಗ ಅವರ ಮುಖ ಅರಳಿತ್ತು. ವಾಪಸ್ ಅವರು ಲಿಫ್ಟಿನಲ್ಲೇ ಇಳಿದರು, ನಾವು ಚೆತ್ರೆಲ್ಲಾದ ಹಳೇ ಆಶ್ರಮದ ಕಡೆಯಿಂದ ನಡೆದು ಇಳಿದೆವು. ಕುಟುಂಬದ ಚಾರಣ ಅಂದರೆ ಎಲ್ಲರೂ ಒಂದೇ ದಾರಿ ತುಳಿಯಬೇಕು ಅಂತೇನಿಲ್ಲ. ಒಂದೇ ಜಾಗದಲ್ಲಿ ಸೇರಿದರೆ ಸಾಕು.

ನೀಲಿ ಗುಹೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಒಳಗೆ ಹೋಗುವ ಬಾಯಿ ಸುಮಾರು ಒಂದು ಮೀಟರ್ ಎತ್ತರ, ಚಿಕ್ಕ ದೋಣಿಯಲ್ಲಿ ಅಂಗಾತ ಮಲಗಿಯೇ ಹೋಗಬೇಕು. ನೀರಿನಡಿಯ ಇನ್ನೊಂದು ತೆರಪಿನಿಂದ ಬೆಳಕು ಒಳಬರುವುದರಿಂದ ನೀರು ನೀಲಿಯಾಗಿ ಹೊಳೆಯುತ್ತದೆ. ಚೆನ್ನಾಗಿದೆ, ಆದರೆ ಕಾಯುವುದು ಜಾಸ್ತಿ, ಒಳಗಿರುವುದು ಕೆಲವೇ ನಿಮಿಷ. ಅಲೆ ಸ್ವಲ್ಪ ಎದ್ದರೂ ಬಂದ್. ಮಕ್ಕಳಿಗೆ ಮೊದಲೇ ಆಸೆ ಹುಟ್ಟಿಸಬೇಡಿ.

ಅದೇ ಗುಹೆಯ ಹತ್ತಿರದಿಂದ ಪುಂತಾ ಕರೆನಾ ಲೈಟ್‌ಹೌಸ್‌ವರೆಗೆ ಪಶ್ಚಿಮದ ಅಂಚಿನಲ್ಲಿ 5 ಕಿಲೋಮೀಟರ್ ಆಸುಪಾಸಿನ ದಾರಿ ಇದೆ, 'ಸೆಂತಿಯೆರೊ ದೇಯಿ ಫೋರ್ತಿನಿ', ಪುಟ್ಟ ಕೋಟೆಗಳ ದಾರಿ. 1800ರ ದಶಕದ ಆರಂಭದಲ್ಲಿ ಬ್ರಿಟಿಷರು, ಫ್ರೆಂಚರು ಈ ದ್ವೀಪಕ್ಕಾಗಿ ಹೊಡೆದಾಡಿದಾಗ ಬಳಸಿದ ಕಾವಲು ಕೋಟೆಗಳವು. ಗುಹೆಯ ಮುಂದೆ ಜನಜಂಗುಳಿ, ಇಲ್ಲಿ ಮಾತ್ರ ಹಲ್ಲಿ, ಹಕ್ಕಿ, ನಾವು. ನನ್ನನ್ನು ಕೇಳಿದರೆ ಇಡೀ ದ್ವೀಪದಲ್ಲಿ ಇದಕ್ಕಿಂತ ಒಳ್ಳೆಯ ಅರ್ಧ ದಿನ ಸಿಗದು. ನೆರಳು ಕಡಿಮೆ, ನೀರು ಧಾರಾಳವಾಗಿ ಒಯ್ಯಿರಿ.

ಇನ್ನು ಮುಖ್ಯಭೂಮಿ. 'ದೇವರುಗಳ ದಾರಿ' ಅಂತ ಹೆಸರಾದ ಚಾರಣ ಬೊಮೆರಾನೊದಿಂದ ಶುರುವಾಗಿ ನೊಚೆಲ್ಲೆಗೆ ಮುಗಿಯುತ್ತದೆ. ಆರೇಳು ಕಿಲೋಮೀಟರ್. ಈ ದಿಕ್ಕಿನಲ್ಲೇ ಹೋಗಿ, ಒಟ್ಟಾರೆ ಇಳಿಜಾರು, ಸಮುದ್ರ ಕಣ್ಣೆದುರಿಗೇ ಇರುತ್ತದೆ. ನೊಚೆಲ್ಲೆಯಿಂದ ಕೆಳಗಿನ ರಸ್ತೆಗೆ ಇನ್ನೂ 1,500ಕ್ಕೂ ಹೆಚ್ಚು ಮೆಟ್ಟಿಲು. ಅಲ್ಲಿ ಹಟ ಮಾಡಬೇಡಿ, ಪೊಸಿತಾನೊಗೆ ಬಸ್ಸಿದೆ. ನಡೆಯುತ್ತಾ ಒಂದು ತಿರುವಿನಲ್ಲಿ ಮಗ ಕೂಗಿದ, "ಅಪ್ಪಾ, ಅಲ್ನೋಡು ಕಾಪ್ರಿ!" ದೂರದಲ್ಲಿ ಫರಾಲ್ಯೋನಿ ಬಂಡೆಗಳ ಸಮೇತ ದ್ವೀಪ ಕಾಣುತ್ತಿತ್ತು. ನಾವು ಕೈಯಿಟ್ಟು ಹಿಡಿದ ಬೆಟ್ಟದ ಗೋಡೆಯೂ ಸುಣ್ಣದಕಲ್ಲು, ಅಲ್ಲಿ ಮೆಟ್ಟಿಲು ಹತ್ತುವಾಗ ಮುಟ್ಟಿದ್ದೂ ಸುಣ್ಣದಕಲ್ಲೇ. ಹಿಂದೊಂದು ಕಾಲಕ್ಕೆ ಕಾಪ್ರಿ ಈ ಭೂಭಾಗಕ್ಕೇ ಅಂಟಿಕೊಂಡಿತ್ತು. ಈಗ ನಡುವೆ ಇರುವುದು ಸುಮಾರು 5 ಕಿಲೋಮೀಟರ್ ನೀರು. ದ್ವೀಪ, ಕರಾವಳಿ ಎರಡನ್ನೂ ಒಂದೇ ಪ್ರವಾಸದಲ್ಲಿ ನೋಡಿ ಅಂತ ನಾನು ಹೇಳುವುದು ಇದಕ್ಕೇ. ಬೇರೆ ಬೇರೆ ನೋಡಿದರೆ ಎರಡು ಸುಂದರ ಜಾಗ, ಒಟ್ಟಿಗೆ ನೋಡಿದರೆ ಒಂದೇ ಬೆಟ್ಟದ ಸಾಲು.

ಆದರೆ ಇಡೀ ಪ್ರವಾಸದಲ್ಲಿ ನನ್ನ ಮನಸ್ಸು ನೆಟ್ಟಿದ್ದು ಮಿನೋರಿ, ಮಯೋರಿ ಊರುಗಳ ನಡುವಿನ ನಿಂಬೆ ದಾರಿಯಲ್ಲಿ. ತುಂಬ ಚಿಕ್ಕದು, ಮಕ್ಕಳೂ ಸಲೀಸಾಗಿ ಮುಗಿಸುತ್ತಾರೆ. ಇಡೀ ಬೆಟ್ಟವನ್ನು ಹಂತ ಹಂತವಾಗಿ ಕಡಿದು, ಗಾರೆ ಇಲ್ಲದೆ ಕಲ್ಲು ಪೇರಿಸಿ ಗೋಡೆ ಕಟ್ಟಿದ್ದಾರೆ. ಪ್ರತಿ ಹಂತದ ಮೇಲೂ ಚೆಸ್ಟ್‌ನಟ್ ಮರದ ಗಳಗಳ ಚಪ್ಪರ, ಅದರಡಿ ನಿಂಬೆ. ಅಲ್ಲಿನ ತಳಿ 'ಸ್ಫುಸಾತೊ', ಉದ್ದನೆಯ ಹಣ್ಣು, ತುದಿ ಚೂಪು. ಟ್ರ್ಯಾಕ್ಟರ್ ಅಲ್ಲಿಗೆ ಹೋಗುವಂತೆಯೇ ಇಲ್ಲ. ನಾವು ಹತ್ತುತ್ತಿದ್ದಾಗ ಮೇಲಿನಿಂದ ಒಬ್ಬರು ಹೆಗಲ ಮೇಲೆ ನಿಂಬೆ ತುಂಬಿದ ಪೆಟ್ಟಿಗೆ ಹೊತ್ತು ಇಳಿದು ಬಂದರು. ಹೆಗಲಿಗೆ ದಪ್ಪ ಬಟ್ಟೆಯ ಮಡಿಕೆ, ಒಂದು ಕೈ ಪೆಟ್ಟಿಗೆಗೆ, ಇನ್ನೊಂದು ಗೋಡೆಗೆ. ಇಂಥ ಹೊರೆ 50 ಕೆಜಿ ದಾಟುತ್ತದೆ. ನಾವು ಗೋಡೆಗೆ ಬೆನ್ನು ಹಚ್ಚಿ ದಾರಿ ಬಿಟ್ಟೆವು. ಅವರ ಉಸಿರು ಒಂದೇ ಲಯದಲ್ಲಿತ್ತು, ಕಣ್ಣು ಮುಂದಿನ ಮೆಟ್ಟಿಲ ಮೇಲೆಯೇ. ಅವರು ತಿರುವಿನಲ್ಲಿ ಮರೆಯಾಗುವ ತನಕ ಅಮ್ಮ ನೋಡುತ್ತಾ ನಿಂತರು.

ಹಿಂದೆ ಈ ಹೊರೆ ಹೊತ್ತವರೂ ಹೆಂಗಸರೇ. ಅವರನ್ನು 'ಫೋರ್ಮಿಕೆಲ್ಲೆ', ಅಂದರೆ ಪುಟ್ಟ ಇರುವೆಗಳು ಅಂತ ಕರೆಯುತ್ತಿದ್ದರು. ಈಗ ಈ ಕೆಲಸಕ್ಕೆ ಬರುವವರು ಕಡಿಮೆಯಾಗುತ್ತಿದ್ದಾರೆ. ತೋಟ ಬಿಟ್ಟರೆ ಗೋಡೆ ನೋಡಿಕೊಳ್ಳುವವರಿಲ್ಲ. ಗೋಡೆ ಕುಸಿದರೆ ಮಣ್ಣು ನಿಲ್ಲುವುದಿಲ್ಲ, ಜೋರು ಮಳೆಗೆ ಬೆಟ್ಟವೇ ಕೆಳಗಿನ ಊರಿನ ಮೇಲೆ ಜಾರುತ್ತದೆ. 1997ರಲ್ಲಿ ಯುನೆಸ್ಕೊ ಈ ಕರಾವಳಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಾವೆಲ್ಲ ದೋಣಿಯಿಂದ ಫೋಟೋ ತೆಗೆಯುವ ಆ ಹಸಿರು ಮೆಟ್ಟಿಲು ಮೆಟ್ಟಿಲಾದ ಬೆಟ್ಟ ನಿಂತಿರುವುದು ಅಂಥ ಹೆಗಲುಗಳ ಮೇಲೆ. ಹಾಗಾಗಿ ತೋಟದವರ ಹತ್ತಿರವೇ ನಿಂಬೆ ಕೊಳ್ಳಿ. ಮಕ್ಕಳನ್ನು ಆ ಗೋಡೆ ಹತ್ತಲು ಬಿಡಬೇಡಿ, ಒಂದು ಕಲ್ಲು ಸಡಿಲವಾದರೂ ಅದನ್ನು ಕೈಯಲ್ಲೇ ಮತ್ತೆ ಕೂರಿಸಬೇಕು.

ಬಿಸಿಲು ಜಾಸ್ತಿ ಇರುವ ದಿನಕ್ಕೆ ಅಮಾಲ್ಫಿಯ ಹಿಂದಿನ 'ವಾಲ್ಲೆ ದೆಲ್ಲೆ ಫೆರ್ರಿಯೆರೆ' ಕಣಿವೆ ಇಟ್ಟುಕೊಳ್ಳಿ. ಹೊಳೆ, ನೆರಳು, ಹಳೇ ಕಾಗದದ ಗಿರಣಿಗಳ ಪಾಳುಗೋಡೆ. ಅಮಾಲ್ಫಿ ಒಂದು ಕಾಲಕ್ಕೆ ಸಮುದ್ರ ವ್ಯಾಪಾರದ ಗಣರಾಜ್ಯ, ಕೈಕಾಗದಕ್ಕೂ ಹೆಸರುವಾಸಿ. ಬಸ್ಸಿನಲ್ಲಿ ಪೊಂತೋನೆಗೆ ಹತ್ತಿ, ಅಲ್ಲಿಂದ ಇಳಿಯುತ್ತಾ ಬನ್ನಿ.

ಕಾರು ಬಾಡಿಗೆಗೆ ತೆಗೆದುಕೊಳ್ಳಬೇಡಿ, ದಯವಿಟ್ಟು. ರಸ್ತೆ ಕಿರಿದು, ಪಾರ್ಕಿಂಗ್ ಸಿಗುವುದೇ ಕಷ್ಟ. 2022ರಿಂದ ಸೀಸನ್‌ನ ದಟ್ಟಣೆಯ ದಿನಗಳಲ್ಲಿ ನಂಬರ್ ಪ್ಲೇಟಿನ ಕೊನೆಯ ಅಂಕೆ ಸಮವೋ ಬೆಸವೋ ನೋಡಿ ಕಾರು ಬಿಡುವ ನಿಯಮವೂ ಬಂದಿದೆ. ಬಸ್ಸು, ಫೆರಿ ಸಾಕು. ಗಾಳಿ ಎದ್ದರೆ ಫೆರಿ ನಿಲ್ಲುತ್ತದೆ, ಆದ್ದರಿಂದ ವಿಮಾನ ಹಿಡಿಯುವ ಹಿಂದಿನ ರಾತ್ರಿ ದ್ವೀಪದಲ್ಲಿ ಇರಬೇಡಿ. ಕಾಪ್ರಿ ಮೊದಲು ಮುಗಿಸಿ, ಆಮೇಲೆ ಕರಾವಳಿ. ಏಪ್ರಿಲ್-ಮೇ ಅಥವಾ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡೆಯಲು ಹಿತ. ಜುಲೈ, ಆಗಸ್ಟ್‌ನಲ್ಲಿ ಮಾತ್ರ ರಜೆ ಸಿಗುವುದಾದರೆ ಬೆಳಿಗ್ಗೆ ಏಳಕ್ಕೇ ದಾರಿ ಹಿಡಿದು, ಮಧ್ಯಾಹ್ನ ಸಮುದ್ರದಲ್ಲಿ ಕಳೆಯಿರಿ. ಯಾರ ಮಂಡಿಗೆ ಯಾವ ದಾರಿ ಸರಿ ಅಂತ ಕೇಳಬೇಕಿದ್ದರೆ ಕೇಳಿ, ಗೊತ್ತಿದ್ದಷ್ಟು ಖಂಡಿತ ಹೇಳುತ್ತೇನೆ.