ಕುಕೀ ಕಾಟಕ್ಕೆ ಕಾನೂನನ್ನು ಯಾಕೆ ಬೈಯುತ್ತೀರಿ?

ಮೊನ್ನೆ ಇಲ್ಲಿನ ಕನ್ನಡ ಗೆಳೆಯರೆಲ್ಲ ಊಟಕ್ಕೆ ಸೇರಿದ್ದಾಗ ಮತ್ತೆ ಅದೇ ಮಾತು ಬಂತು. "ಈ ಜಿಡಿಪಿಆರ್ ಬರೀ ತಲೆನೋವು ಕಣ್ರೀ. ಯಾವ ವೆಬ್‌ಸೈಟ್ ತೆಗೆದ್ರೂ ಕುಕೀ ಒಪ್ಕೊಳ್ಳಿ ಅಂತ ಅಡ್ಡ ಬರುತ್ತೆ." ಜಿಡಿಪಿಆರ್ ಅಂದರೆ ಜನರ ಖಾಸಗಿ ಮಾಹಿತಿ ಕಾಯುವ ಯುರೋಪಿನ ಕಾನೂನು. ನಾನು ಜರ್ಮನಿಗೆ ಬಂದು ಎಂಟು ವರ್ಷ ಆಯ್ತು. ಇಲ್ಲಿಯವರೂ ಹೀಗೇ ಗೊಣಗುತ್ತಾರೆ. ನನಗಂತೂ ಇದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಕಾಣುತ್ತದೆ.

ಕುಕೀ ಅಂದರೆ ನಮ್ಮನ್ನು ಗುರುತಿಡಲು ವೆಬ್‌ಸೈಟ್ ನಮ್ಮ ಫೋನು, ಕಂಪ್ಯೂಟರಿನಲ್ಲಿ ಇಡುವ ಪುಟ್ಟ ಫೈಲು. ಅದಕ್ಕೆ ಒಪ್ಪಿಗೆ ಕೇಳಬೇಕು ಅನ್ನೋ ನಿಯಮ ಯುರೋಪಿನಲ್ಲಿ 2009ರಲ್ಲೇ ಬಂದಿತ್ತು. 2018ರ ಮೇ 25ರಿಂದ ಜಾರಿಯಾದ ಜಿಡಿಪಿಆರ್, ಒಪ್ಪಿಗೆ ಅಂದರೆ ನಿಜವಾದ ಒಪ್ಪಿಗೆ ಆಗಿರಬೇಕು ಅಂತ ಬಿಗಿ ಮಾಡಿತು. ನಮ್ಮ ಬೆನ್ನು ಹತ್ತದ ವೆಬ್‌ಸೈಟ್ ಈ ಪ್ರಶ್ನೆ ಕೇಳಬೇಕಾಗಿಯೇ ಇಲ್ಲ. 'ಒಪ್ಪಿದೆ' ಅನ್ನೋ ಬಟನ್ ದೊಡ್ಡದಾಗಿ, ಬಣ್ಣ ಬಣ್ಣವಾಗಿ ಇಟ್ಟು, 'ಬೇಡ' ಅನ್ನೋದನ್ನು ಮೂರು ಪುಟದ ಹಿಂದೆ ಬಚ್ಚಿಟ್ಟವರು ಕಂಪನಿಗಳು. ಫ್ರಾನ್ಸಿನ ಮಾಹಿತಿ ರಕ್ಷಣೆಯ ನಿಯಂತ್ರಕರು 2022ರ ಜನವರಿಯಲ್ಲಿ ಇದೇ ಕಾರಣಕ್ಕೆ ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ಹಾಕಿದರು.

ಈ ಕಾನೂನಿನ ಬಗ್ಗೆ ಹೆದರಿಕೆಯೂ ಜಾಸ್ತಿ ಇತ್ತು. 2018ರಲ್ಲಿ ವಿಯೆನ್ನಾದ ಸರ್ಕಾರಿ ವಸತಿ ಸಂಸ್ಥೆ ಎರಡು ಲಕ್ಷಕ್ಕೂ ಹೆಚ್ಚು ಮನೆಗಳ ಕಾಲಿಂಗ್ ಬೆಲ್ ಪಕ್ಕದ ಹೆಸರು ತೆಗೆದು, ಬರೀ ನಂಬರ್ ಹಾಕಲು ಹೊರಟಿತು. ಬಾಗಿಲಲ್ಲಿ ಹೆಸರು ಇದ್ದರೆ ಕಾನೂನು ಮುರಿದ ಹಾಗೆ ಅಂತ! ಕಾನೂನು ಹಾಗೆ ಹೇಳುವುದಿಲ್ಲ ಅಂತ ಕೊನೆಗೆ ಯುರೋಪಿಯನ್ ಕಮಿಷನ್ನೇ ಹೇಳಬೇಕಾಯಿತು. ಆದರೆ ಜನರಿಗೆ ನೆನಪು ಉಳಿದಿದ್ದು ಬೆಲ್ ಕಥೆ ಮಾತ್ರ.

ನನಗೆ ಈ ಕಾನೂನಿನ ಬೆಲೆ ಗೊತ್ತಾಗಿದ್ದು ಒಂದು ಜಿಮ್‌ನಿಂದ. ಬಿಟ್ಟು ಮೂರು ವರ್ಷ ಆಗಿದ್ದರೂ ಅವರ ಜಾಹೀರಾತು ನಿಂತಿರಲಿಲ್ಲ. ಜಿಡಿಪಿಆರ್‌ನ 15ನೇ ವಿಧಿಯ ಪ್ರಕಾರ ನನ್ನ ಬಗ್ಗೆ ನಿಮ್ಮ ಹತ್ತಿರ ಏನೇನಿದೆ ಕೊಡಿ ಅಂತ ನಾಲ್ಕು ಸಾಲು ಬರೆದೆ. ಇದಕ್ಕೆ ದುಡ್ಡು ಕೊಡಬೇಕಿಲ್ಲ, ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರ ಬರಬೇಕು. ದಪ್ಪ ಲಕೋಟೆ ಬಂತು. ಯಾವ ದಿನ ಎಷ್ಟು ಗಂಟೆಗೆ ಒಳಗೆ ಹೋದೆ, ಎಷ್ಟಕ್ಕೆ ಹೊರಗೆ ಬಂದೆ, ಪ್ರತಿ ತಿಂಗಳ ತೂಕ, ಎಲ್ಲ ಇತ್ತು. ಟ್ರೇನರ್ ಹತ್ತಿರ ಸುಮ್ನೆ ಮಾತಿಗೆ ಹೇಳಿದ್ದ ಮಂಡಿನೋವು ಕೂಡ! ಓದುತ್ತಾ ಕೈ ತಣ್ಣಗಾಯಿತು. ಎಲ್ಲ ಅಳಿಸಿ ಅಂತ ಮತ್ತೆ ಬರೆದೆ. ಅಳಿಸಿದರು.

ಆಸ್ಟ್ರಿಯಾದ ಮ್ಯಾಕ್ಸ್ ಶ್ರೆಮ್ಸ್ ಕಾನೂನು ಓದುವ ಹುಡುಗನಾಗಿದ್ದಾಗ, ಜಿಡಿಪಿಆರ್ ಬರುವ ಮೊದಲೇ 2011ರಲ್ಲಿ, ಫೇಸ್‌ಬುಕ್‌ಗೆ ಇದೇ ಪ್ರಶ್ನೆ ಕೇಳಿದ್ದರು. ಬಂದಿದ್ದು ಸುಮಾರು 1,200 ಪುಟ. ಅವರೇ ಡಿಲೀಟ್ ಮಾಡಿದ್ದ ಮೆಸೇಜುಗಳೂ ಅದರಲ್ಲಿದ್ದವು.

ಇನ್ನು ಭಾರತದಲ್ಲಿ, ಖಾಸಗಿತನ ನಮ್ಮ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಕೂಡ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. ಖಾಸಗಿ ಮಾಹಿತಿ ಕಾಯುವ ನಮ್ಮದೇ ಕಾನೂನು 2023ರಲ್ಲಿ ಪಾಸಾಯಿತು. ಹೋದ ಸಲ ಮೈಸೂರಿಗೆ ಹೋದಾಗ ಮೆಡಿಕಲ್ ಸ್ಟೋರಿನ ಹುಡುಗ ಅಮ್ಮನ ಫೋನ್ ನಂಬರ್ ಕೇಳಿದ. ಯಾಕಪ್ಪಾ ಅಂದೆ. "ನಂಬರ್ ಇಲ್ದೆ ಬಿಲ್ ಆಗಲ್ಲ ಮೇಡಂ" ಅಂದ. ಅಮ್ಮ ಆಗಲೇ ಹತ್ತೂ ಅಂಕಿ ಹೇಳಿ ಮುಗಿಸಿದ್ದರು. ಅವರ ಶುಗರ್, ಬಿಪಿ ಮಾತ್ರೆಗಳ ಪಟ್ಟಿ ಆ ನಂಬರಿನ ಜೊತೆ ಎಲ್ಲೆಲ್ಲಿಗೆ ಹೋಗಿದೆಯೋ. ಮುಂದಿನ ಸಲ ಊರಿಗೆ ಹೋದಾಗ ಅಮ್ಮನ ಕೈಲಿ ಆ ಅಂಗಡಿಗೂ ನಾಲ್ಕು ಸಾಲು ಬರೆಸುತ್ತೇನೆ.