ಸತ್ಯಾಂಶ: ಗುಳ್ಳೆ ಏಳೋ ಚರ್ಮರೋಗ, ಒಂದೇ ಸಲಕ್ಕೆ ವಾಸಿ ಮಾಡೋ ಜೆಲ್ ಅನ್ನೋ ಸುಳ್ಳು

ಡೊಂಬಿವ್ಲಿ ಕಡೆ ನಮ್ಮ ಕನ್ನಡದವರ ಗ್ರೂಪಲ್ಲಿ ಒಂದು ಫಾರ್ವರ್ಡ್ ಓಡಾಡ್ತಿದೆ, ಮೈಮೇಲೆ ಗುಳ್ಳೆ ಏಳೋ ಮಕ್ಕಳನ್ನ ಮುಟ್ಟಿದ್ರೆ ಅಂಟುತ್ತೆ, ಆದ್ರೆ ಅಮೆರಿಕದ ಜೆಲ್ ಒಂದ್ಸಲ ಹಚ್ಚಿದ್ರೆ ಜನ್ಮಕ್ಕೇ ವಾಸಿ ಅಂತ. ಎರಡೂ ಸುಳ್ಳು. ಈ ರೋಗದ ಹೆಸರು ಎಪಿಡರ್ಮೊಲಿಸಿಸ್ ಬುಲ್ಲೋಸಾ, ಇದು ಜೀನ್ ದೋಷ ಕಣ್ರೀ, ಅಂಟೋ ಮಾತೇ ಇಲ್ಲ. ಡಿಸ್ಟ್ರೋಫಿಕ್ ಅನ್ನೋ ಬಗೆಯಲ್ಲಿ ಚರ್ಮದ ಪದರಗಳನ್ನ ಹಿಡಿದಿಡೋ ಕೊಲಾಜೆನ್ 7 ಅನ್ನೋ ಪ್ರೋಟೀನ್ ಸರಿಯಾಗಿ ತಯಾರಾಗಲ್ಲ, ಹಂಗಾಗಿ ಅಂಗಿ ಹೊಲಿಗೆ ಉಜ್ಜಿದ್ರೂ, ಲೋಕಲ್ ಟ್ರೈನ್ ನೂಕಾಟದಲ್ಲಿ ತೋಳು ತಿಕ್ಕಿದ್ರೂ ಗುಳ್ಳೆ ಎದ್ದು ಚರ್ಮ ಕಿತ್ತು ಬರುತ್ತೆ.

ಈ ಡಿಸ್ಟ್ರೋಫಿಕ್ ಬಗೆಗೆ ಜೆಲ್ ಇರೋದೇನೋ ನಿಜ. ವೈಜುವೆಕ್ ಅಂತ, 2023ರ ಮೇನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ್ದು. 31 ಜನರ ಟ್ರಯಲ್‌ನಲ್ಲಿ ಒಬ್ಬರದೇ ಮೈಮೇಲಿನ ಒಂದು ಗಾಯಕ್ಕೆ ಔಷಧಿ, ಇನ್ನೊಂದಕ್ಕೆ ಔಷಧಿ ಇಲ್ಲದ ಬರೀ ಜೆಲ್ ಹಚ್ಚಿದ್ರು (ಪಾಪ, ಯಾವುದು ಯಾವುದು ಅಂತ ಅವ್ರಿಗೇ ಹೇಳಿರಲಿಲ್ಲ), ಆರು ತಿಂಗಳಿಗೆ ಔಷಧಿ ಹಚ್ಚಿದ ಗಾಯಗಳಲ್ಲಿ 67% ಪೂರ್ತಿ ಮುಚ್ಚಿದ್ವು, ಬರೀ ಜೆಲ್ಲಲ್ಲಿ 22%. ಆದ್ರೆ ವಾರವಾರ ಹಚ್ಬೇಕು, ಹೊಸ ಗಾಯ ಆದ್ರೆ ಅದಕ್ಕೂ ಹಚ್ಬೇಕು.